ಹಳೆಯ ಡಿಸಿ ಚಾಸಿ, ಮೇಲೆ ಡಬ್ಲ್ಯುಡಿಎಂ-2 ಬಾಡಿ: ಡಿಸಿಸಿ ಮತ್ತು ಸೌಂಡ್ ಕೂರಿಸೋದು ಹೇಗೆ?

ಗಾಳಿಬೀಡು ಗಾರ್ಡ್

ಎಲ್ಲರಿಗೂ ನಮಸ್ಕಾರ. ಎಚ್‌ಓ ಸ್ಕೇಲಿನ (1:87) ಮಾದರಿ ಡಬ್ಲ್ಯುಡಿಎಂ-2 ಒಂದಕ್ಕೆ, ಅಂದ್ರೆ ನಮ್ಮ ರೈಲ್ವೆಯ ಆಲ್ಕೋ ಡೀಸೆಲ್ ಲೋಕೊಗೆ, ಡಿಸಿಸಿ (ಹಳಿಯಲ್ಲೇ ಡಿಜಿಟಲ್ ಸಂಕೇತ ಕಳಿಸಿ ಗಾಡಿ ಓಡಿಸೋ ವ್ಯವಸ್ಥೆ) ಮತ್ತು ಸೌಂಡ್ ಹಾಕಬೇಕು. ಬಾಡಿ ರೆಸಿನ್‌ದು. ಕೆಳಗಿರೋದು ಅಮೆರಿಕದ ಹಳೆಯ ಆರು ಆಕ್ಸಲ್ ಚಾಸಿ, ಡಿಸಿ ಕಾಲದ್ದು, ಹಳಿಯ ವೋಲ್ಟೇಜಿನಿಂದಲೇ ವೇಗ ಬದಲಾಗೋದು. ಡಿಕೋಡರ್ (ಡಿಸಿಸಿ ಸಂಕೇತ ಓದಿ ಮೋಟಾರ್, ದೀಪ, ಸದ್ದು ನಡೆಸೋ ಪುಟ್ಟ ಬೋರ್ಡ್) ಕೂರಿಸೋ ಸಾಕೆಟ್ ಇಲ್ಲ. ಚಾಸಿ ಒಂದೇ ಲೋಹದ ಅಚ್ಚು. ಮೋಟಾರಿನ ಕೆಳಗಿನ ಬ್ರಷ್ ಕ್ಲಿಪ್ ನೇರ ಚಾಸಿಗೇ ತಾಗಿದೆ, ಮೇಲಿನ ಕ್ಲಿಪ್‌ಗೆ ಎರಡೂ ಬೋಗಿಯಿಂದ (ಗಾಡಿಯ ಕೆಳಗಿನ ಚಕ್ರದ ಚೌಕಟ್ಟು) ಒಂದು ತಗಡಿನ ಪಟ್ಟಿ ಬರುತ್ತೆ. ಹೆಡ್‌ಲೈಟ್ ಹಳೆಯ ಬಲ್ಬು.

ಲೇಔಟ್ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಮಾದರಿ, ಏರು 50ಕ್ಕೆ 1. ಗೊತ್ತಾಗಬೇಕಿರೋದು ಇಷ್ಟು: ಡಿಕೋಡರ್ ಎಷ್ಟು ಆಂಪಿಯರ್‌ದು ಬೇಕು? ಸ್ಪೀಕರ್ ಎಲ್ಲಿ, ಎಷ್ಟು ದೊಡ್ಡದು? ಮಳೆಗಾಲದಲ್ಲಿ ಡಿಸಿಯಲ್ಲೇ ಮುಗ್ಗರಿಸುವ ಗಾಡಿ ಡಿಸಿಸಿಯಲ್ಲಿ ಇನ್ನೂ ಹಾಳಾಗುತ್ತಾ? ಲೋಕೊ ನಂಬರ್ 16412, ಅದನ್ನೇ ಡಿಸಿಸಿಯಲ್ಲಿ ಗಾಡಿಯನ್ನ ಕರೆಯೋ ವಿಳಾಸ ಮಾಡಬಹುದಾ?

ನಮ್ಮ ಕೊಡಗು ಜಿಲ್ಲೆಗೆ ರೈಲು ಬರೋದನ್ನ ಕಾಯ್ತಾ ಕೂತ್ರೆ ಆಗಲ್ಲ, ಮೇಜಿನ ಮೇಲಾದ್ರೂ ಆಲ್ಕೋ ಗುಡುಗಲಿ.

---

ಬೆಸುಗೆ ಕಡ್ಡಿ (ಕುಶಾಲನಗರ)

ಡಿಕೋಡರ್ ತರಿಸೋಕೆ ಮುಂಚೆ ಎರಡು ಕೆಲಸ ಇದೆ. ಡಿಸಿಯಲ್ಲಿ ಗಾಡಿ ಮೆಲ್ಲಗೆ, ಎರಡೂ ದಿಕ್ಕಿಗೆ, ಕಿರುಗುಟ್ಟದೆ ಓಡಬೇಕು. ಗೇರಿನಲ್ಲಿ ಹಳೆಯ ಗ್ರೀಸ್ ಗಟ್ಟಿಯಾಗಿದ್ರೆ ತೊಳೆದು ಹೊಸದು ಹಚ್ಚಿ. ಗೇರಿನ ಗರಗರ ಸದ್ದನ್ನ ಸೌಂಡ್ ಡಿಕೋಡರ್ ಮುಚ್ಚಿಬಿಡುತ್ತೆ ಅಂದ್ಕೊಂಡ್ರೆ ತಪ್ಪು. ಎರಡೂ ಒಟ್ಟಿಗೇ ಕೇಳುತ್ತೆ.

ಎರಡನೇದು ಸ್ಟಾಲ್ ಕರೆಂಟ್, ಅಂದ್ರೆ ತಿರುಗದಂತೆ ತಡೆದಾಗ ಮೋಟಾರ್ ಎಳೆಯೋ ಕರೆಂಟ್. ಮೀಟರನ್ನ 10 ಆಂಪಿಯರ್ ರೇಂಜಿಗೆ ಇಟ್ಟು ಮೋಟಾರಿನ ಜೊತೆ ಸರಣಿಯಲ್ಲಿ ಕೊಡಿ, 12 ವೋಲ್ಟ್ ಡಿಸಿ ಹಾಕಿ, ಫ್ಲೈವೀಲನ್ನ ಬೆರಳಲ್ಲಿ ಒಂದು ಕ್ಷಣ ಗಟ್ಟಿಯಾಗಿ ಹಿಡಿದು ಓದಿಕೊಂಡು ಬಿಟ್ಟುಬಿಡಿ. ಜಾಸ್ತಿ ಹೊತ್ತು ಹಿಡಿದ್ರೆ ವೈಂಡಿಂಗ್ ಬೆಂದುಹೋಗುತ್ತೆ. ಇಲ್ಲೊಂದು ಮೋಸ ಇದೆ: ಆಟಿಕೆ ಸೆಟ್ಟಿನ ಸಣ್ಣ ಪವರ್ ಪ್ಯಾಕ್‌ನಿಂದ ಅಳೆದ್ರೆ, ಹೊರೆ ಬಿದ್ದ ಕೂಡಲೇ ಪ್ಯಾಕಿನ ವೋಲ್ಟೇಜೇ ಕುಸಿದು ಅಂಕಿ ಕಮ್ಮಿ ತೋರಿಸುತ್ತೆ. ಇನ್ನೊಂದು ಮೀಟರ್ ಇಟ್ಟು, ಹಿಡಿದಿರುವಾಗಲೂ 12 ವೋಲ್ಟ್ ನಿಂತಿದೆಯಾ ನೋಡಿ. 2 ಆಂಪಿಯರ್‌ಗೆ ಮೇಲಿನ ಅಡಾಪ್ಟರ್ ಒಳ್ಳೇದು.

ಅಂಕಿ ಬಂದ ಮೇಲೆ ಲೆಕ್ಕ ಸುಲಭ. ಸೌಂಡ್ ಡಿಕೋಡರುಗಳಲ್ಲಿ ಲೋಕ್‌ಸೌಂಡ್ 5ರ ಮೋಟಾರ್ ಔಟ್‌ಪುಟ್ 1.5 ಆಂಪಿಯರ್, ಅದರ ಮೈಕ್ರೋ 0.75. ಸೌಂಡ್‌ಟ್ರಾಕ್ಸ್ ಸುನಾಮಿ2ರಲ್ಲಿ ಟಿಎಸ್‌ಯು-1100ಗೆ 1, ಟಿಎಸ್‌ಯು-2200ಗೆ 2 ಆಂಪಿಯರ್. ಸ್ಟಾಲ್ ಕರೆಂಟ್ ಡಿಕೋಡರ್ ರೇಟಿಂಗಿಗಿಂತ ಕೆಳಗಿರಲೇಬೇಕು. ಆ ಕಾಲದ ತೆರೆದ ಮೋಟಾರ್‌ಗಳು ಹೆಚ್ಚು ಕುಡಿಯುತ್ತವೆ. 1.5 ದಾಟಿದ್ರೆ ದೊಡ್ಡ ಡಿಕೋಡರ್ ಹುಡುಕೋ ಬದಲು ಮೋಟಾರನ್ನೇ ಬದಲಿಸಿ, ಮುಚ್ಚಿದ ಕ್ಯಾನ್ ಮೋಟಾರ್ ಹಾಕಿ. ಘಾಟಿ ಏರುವ ಗಾಡಿಗೆ ಅದೇ ಸರಿ.

ಇನ್ನು ಮುಖ್ಯ ವಿಷಯ. ಮೋಟಾರಿನ ಎರಡೂ ಬ್ರಷ್ ಚಾಸಿಯಿಂದಲೂ ಹಳಿಯಿಂದಲೂ ಪೂರ್ತಿ ಬೇರೆಯಾಗಬೇಕು. ನೀವು ಹೇಳಿದ ಚಾಸಿಯಲ್ಲಿ ಚಾಸಿಯೇ ಒಂದು ಹಳಿ. ಕೆಳಗಿನ ಕ್ಲಿಪ್ ಅಲ್ಲೇ ತಾಗಿಕೊಂಡಿರುವಾಗ ಡಿಸಿಸಿ ಕೊಟ್ರೆ ಹಳಿಯ ವಿದ್ಯುತ್ ನೇರ ಡಿಕೋಡರಿನ ಮೋಟಾರ್ ಔಟ್‌ಪುಟ್ಟಿಗೆ ನುಗ್ಗುತ್ತೆ, ಡಿಕೋಡರ್ ಕಣ್ಣು ಮಿಟುಕಿಸೋದ್ರೊಳಗೆ ಸತ್ತಿರುತ್ತೆ. ಮೋಟಾರ್ ಬಿಚ್ಚಿ, ಕೆಳಗಿನ ಕ್ಲಿಪ್ಪಿನ ಮೊನೆಗಳನ್ನ ಕತ್ತರಿಸಿ ಚಪ್ಪಟೆ ಮಾಡಿ, ಅದಕ್ಕೊಂದು ತೆಳು ವೈರ್ ಬೆಸೆದು, ಚಾಸಿಯ ತಳದಲ್ಲಿ ಎರಡು ಪದರ ಕ್ಯಾಪ್ಟನ್ (ಶಾಖ ತಾಳೋ, ವಿದ್ಯುತ್ ಹರಿಸದ) ಟೇಪ್ ಹಾಸಿ ಮತ್ತೆ ಕೂರಿಸಿ. ಬ್ರಷ್ ಸ್ಪ್ರಿಂಗ್ ಹಾರಿಹೋಗುತ್ತೆ, ತಟ್ಟೆಯೊಳಗೆ ಇಟ್ಟು ಬಿಚ್ಚಿ. ಕ್ಯಾಪ್ಟನ್ ಟೇಪ್ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗುತ್ತೆ, ಮೈಸೂರಿಗೆ ಹೋಗಬೇಕಿಲ್ಲ. ವೈರಿಂಗಿನ ಕರಿ ಟೇಪ್ ಮಾತ್ರ ಬೇಡ, ನಮ್ಮ ತೇವಕ್ಕೆ ಅದರ ಅಂಟು ಕರಗಿ ಜಾರುತ್ತೆ.

ಆಮೇಲೆ ಮೀಟರನ್ನ ಬೀಪ್‌ಗೆ ಇಟ್ಟು, ಎರಡೂ ಬ್ರಷ್‌ನಿಂದ ಚಾಸಿಗೆ, ಎರಡೂ ಬದಿಯ ಚಕ್ರಗಳಿಗೆ ನೋಡಿ. ಎಲ್ಲೂ ಬೀಪ್ ಬರಬಾರದು. ಕೈಯಲ್ಲಿ ಮೋಟಾರ್ ತಿರುಗಿಸುತ್ತಾ ಇನ್ನೊಮ್ಮೆ ನೋಡಿ. ಫ್ಲೈವೀಲ್ ವೈರನ್ನ ಸವರಿ ಸುಲಿಯೋದು ಆಗಲೇ ಗೊತ್ತಾಗೋದು.

ವೈರ್ ಬಣ್ಣ ಎಲ್ಲ ಕಂಪನಿಗೂ ಒಂದೇ, ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಗೊತ್ತುಪಡಿಸಿದ್ದು. ಕೆಂಪು ಬಲ ಹಳಿ, ಕಪ್ಪು ಎಡ ಹಳಿ. ಕಿತ್ತಳೆ ಮತ್ತು ಬೂದು ಮೋಟಾರಿಗೆ. ಬಿಳಿ ಮುಂದಿನ ದೀಪ, ಹಳದಿ ಹಿಂದಿನದು, ನೀಲಿ ಎಲ್ಲ ದೀಪಗಳಿಗೂ ಸಾಮಾನ್ಯ ಧನ. ಗಾಡಿ ಹಿಂದುಮುಂದಾಗಿ ಓಡಿದ್ರೆ ಕಿತ್ತಳೆ-ಬೂದು ಅದಲುಬದಲು ಮಾಡಿ. ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿ: ನೀಲಿ ವೈರ್ ಧನಕ್ಕೆ, ಬಿಳಿ ವೈರ್ ಋಣಕ್ಕೆ, ನಡುವೆ 1 ಕಿಲೋಓಮ್ ರೆಸಿಸ್ಟರ್. ಸುಮಾರು 14 ವೋಲ್ಟ್‌ನಲ್ಲಿ ಎಲ್‌ಇಡಿಗೆ 3 ಹೋದ್ರೆ ಉಳಿದ 11ಕ್ಕೆ 11 ಮಿಲಿಆಂಪಿಯರ್. ಕಣ್ಣು ಕುಕ್ಕಿದ್ರೆ 2.2 ಅಥವಾ 4.7 ಕಿಲೋಓಮ್ ಹಾಕಿ. ಎರಡು ದೀಪಕ್ಕೆ ಒಂದೇ ರೆಸಿಸ್ಟರ್ ಹಂಚಬೇಡಿ.

25 ವ್ಯಾಟ್ ಐರನ್, 0.6 ಅಥವಾ 0.8 ಮಿ.ಮೀ. ರೋಸಿನ್ ಕೋರ್ ಸೀಸ ಸಾಕು. ತಗಡು ಬೆಸೆಯೋರ ಆಸಿಡ್ ಫ್ಲಕ್ಸ್ ಹತ್ತಿರ ತರಬೇಡಿ, ಒಂದೇ ಮಳೆಗಾಲದಲ್ಲಿ ವೈರ್ ಹಸಿರಾಗಿ ತುಂಡಾಗುತ್ತೆ. ಪ್ರತಿ ಜೋಡಣೆಗೂ ಹೀಟ್ ಶ್ರಿಂಕ್ ತೊಡಿಸಿ. ಡಿಕೋಡರನ್ನ ಮಾತ್ರ ಟೇಪಿನಲ್ಲಿ ಸುತ್ತಬೇಡಿ, ಶಾಖ ಹೊರಗೆ ಹೋಗೋಕೆ ದಾರಿ ಇಲ್ಲದೆ ಏರಿನ ನಡುವೆ ಗಾಡಿ ನಿಂತುಬಿಡುತ್ತೆ. ಒಂದು ತುಂಡು ಡಬಲ್ ಟೇಪಿನಲ್ಲಿ ಬಾಡಿಯ ಒಳಛಾವಣಿಗೆ ಅಂಟಿಸಿದ್ರೆ ಸಾಕು.

---

ಹದಿನಾರು ಸಿಲಿಂಡರ್ (ಸೋಮವಾರಪೇಟೆ)

ವೈರಿಂಗ್ ಮೇಲೆ ಬಂದಿದೆ, ನಾನು ಸದ್ದಿನ ಬಗ್ಗೆ ಹೇಳ್ತೀನಿ.

ಡಿಕೋಡರಿಗೆ ಸದ್ದಿನ ಫೈಲ್ ಆರಿಸುವಾಗ "ಆಲ್ಕೋ" ಅಂತ ಬರೆದಿದ್ದನ್ನೆಲ್ಲ ನಂಬಬೇಡಿ. ಡಬ್ಲ್ಯುಡಿಎಂ-2ರಲ್ಲಿ ಇರೋದು 16 ಸಿಲಿಂಡರಿನ 251ಬಿ, 2600 ಅಶ್ವಶಕ್ತಿ. ಅಮೆರಿಕದ ಆರ್‌ಎಸ್-3ರಲ್ಲಿ ಇದ್ದದ್ದು 244 ಎಂಜಿನ್, ಅದರ ಲಯವೇ ಬೇರೆ. ಆರ್‌ಎಸ್-11 251 ಆದರೂ 12 ಸಿಲಿಂಡರ್. ನಿಮಗೆ ಬೇಕಿರೋದು ಸಿ-628, ಸಿ-630 ಜಾತಿಯ 16 ಸಿಲಿಂಡರ್ 251 ಇರುವ ಫೈಲ್. ಐಡಲ್‌ನಲ್ಲಿ ಆ ಒಡಕು ಲಯ ಕಿವಿಗೆ ಬಿದ್ದ ಕೂಡಲೇ ವ್ಯತ್ಯಾಸ ಗೊತ್ತಾಗುತ್ತೆ. ಮುಂದೆ ಯಾವತ್ತಾದ್ರೂ ಡಬ್ಲ್ಯುಡಿಜಿ-4 ಮಾಡೋದಾದ್ರೆ ಅದು ಇಎಂಡಿ 710, ಈ ಫೈಲ್ ಅದಕ್ಕೆ ಬೇಡ.

ಹಾರ್ನ್ ದೊಡ್ಡ ತಲೆನೋವು. ಅಮೆರಿಕದ ಮೂರು-ಐದು ಕೊಳಲಿನ ಹಾರ್ನ್ ನಮ್ಮ ಗಾಡಿಗೆ ಒಪ್ಪಲ್ಲ. ಸುನಾಮಿ2ರಲ್ಲಿ ಒಳಗಿರುವ ಹಾರ್ನ್‌ಗಳಲ್ಲೇ ಒಂದನ್ನ ಆರಿಸಬೇಕು, ಹೊರಗಿನಿಂದ ಹಾಕೋಕೆ ಬರಲ್ಲ. ಲೋಕ್‌ಸೌಂಡ್‌ನಲ್ಲಿ ಲೋಕ್‌ಪ್ರೋಗ್ರಾಮರ್ ಪೆಟ್ಟಿಗೆ ಇದ್ರೆ ನಿಮ್ಮದೇ ವೇವ್ ಫೈಲ್ ತುಂಬಬಹುದು. ಇದೊಂದೇ ಕಾರಣಕ್ಕೆ ಭಾರತೀಯ ಮಾದರಿಗೆ ನನ್ನ ವೋಟು ಲೋಕ್‌ಸೌಂಡ್‌ಗೆ. ರೆಕಾರ್ಡ್ ಮಾಡಿದ ಹಾರ್ನನ್ನ ಶುರು, ನಡುವಿನ ಸುತ್ತು, ಕೊನೆ ಅಂತ ಮೂರು ತುಂಡು ಮಾಡಿ. ನಡುವಿನ ತುಂಡಿನ ಎರಡೂ ತುದಿ ಅಲೆಯ ಸೊನ್ನೆ ಗೆರೆಯಲ್ಲೇ ಮುಗಿಯಬೇಕು, ಇಲ್ಲಾಂದ್ರೆ ಕೀಲಿ ಒತ್ತಿಹಿಡಿದಷ್ಟು ಹೊತ್ತೂ ಟಿಕ್ ಟಿಕ್ ಅಂತಿರುತ್ತೆ.

ಸ್ಪೀಕರ್. ದುಬಾರಿ ಡಿಕೋಡರ್ ಹಾಕಿ ಸ್ಪೀಕರನ್ನ ಬರಿದೇ ಅಂಟಿಸಿದ್ರೆ ಸೊಳ್ಳೆ ಸದ್ದು ಬರುತ್ತೆ. ಪೊರೆಯ ಮುಂದಿನ ಅಲೆಯೂ ಹಿಂದಿನ ಅಲೆಯೂ ಕೂಡಿದ್ರೆ ಒಂದನ್ನೊಂದು ಅಳಿಸಿಬಿಡುತ್ತವೆ, ಮೊದಲು ಹೋಗೋದು ಕೆಳಸ್ವರ. ಅದಕ್ಕೇ ಹಿಂಬದಿಗೆ ಗಾಳಿ ಆಡದ ಪೆಟ್ಟಿಗೆ. 11×15 ಮಿ.ಮೀ. ಶುಗರ್ ಕ್ಯೂಬ್ ಸ್ಪೀಕರ್, 8 ಓಮ್, ಈ ಬಾಡಿಗೆ ಹೇಳಿ ಮಾಡಿಸಿದ ಹಾಗಿರುತ್ತೆ. ಜೊತೆಗೆ ಬರುವ ಪೆಟ್ಟಿಗೆ ತೀರಾ ಗಿಡ್ಡ. ಎತ್ತರ ಸಿಕ್ಕಷ್ಟೂ ಹೆಚ್ಚಿಸಿ. ಪ್ಲಾಸ್ಟಿಕ್ ಶೀಟ್ ಹುಡುಕಬೇಕಿಲ್ಲ, ಅವಧಿ ಮುಗಿದ ಎಟಿಎಂ ಕಾರ್ಡ್ 0.76 ಮಿ.ಮೀ. ದಪ್ಪ ಇರುತ್ತೆ, ಕತ್ತರಿಸಿ ಸೂಪರ್‌ಗ್ಲೂನಲ್ಲಿ ಅಂಟಿಸಿ. ಸ್ಪೀಕರ್ ಕೂರಿಸೋದು ಗ್ಲೂ ಪೂರ್ತಿ ಒಣಗಿದ ಮೇಲೆ. ವೈರ್ ಹೊರಬರುವ ತೂತನ್ನ ಮುಚ್ಚಲು ಮರೆಯೋರೇ ಜಾಸ್ತಿ. ಪೆಟ್ಟಿಗೆ ಸರಿಯಾಗಿದೆಯಾ ನೋಡೋಕೆ ಪೊರೆಯನ್ನ ಮೆಲ್ಲಗೆ ಒತ್ತಿ ಬಿಡಿ: ತಡೆದು ತಡೆದು ವಾಪಸ್ ಬಂದ್ರೆ ಗಾಳಿ ಸೋರ್ತಿಲ್ಲ.

ಜಾಗ: ಲಾಂಗ್ ಹುಡ್ಡಿನ (ಬಾಡಿಯ ಉದ್ದನೆ ಭಾಗ) ತುದಿಯ ರೇಡಿಯೇಟರ್ ಫ್ಯಾನಿನ ಕೆಳಗೆ, ಮುಖ ಮೇಲಕ್ಕೆ. ರೆಸಿನ್ ಬಾಡಿಯಲ್ಲಿ ಫ್ಯಾನ್ ಜಾಲರಿ ಗಟ್ಟಿ ಅಚ್ಚಾಗಿದ್ರೆ 1 ಮಿ.ಮೀ. ಡ್ರಿಲ್‌ನಿಂದ ತೂತು ತೆಗೆಯಿರಿ, ಸದ್ದಿಗೆ ಹೊರದಾರಿ ಬೇಕು. ಎರಡು ಸ್ಪೀಕರ್ ಹಾಕೋದಾದ್ರೆ ಸರಣಿಯಲ್ಲಿ 16 ಓಮ್, ಸಮಾಂತರದಲ್ಲಿ 4 ಓಮ್. ಲೋಕ್‌ಸೌಂಡ್ 5 4ರಿಂದ 32 ಓಮ್‌ವರೆಗೆ ತಾಳುತ್ತೆ. ಸುನಾಮಿ2 8 ಓಮ್‌ಗೆ ಮಾಡಿದ್ದು, ಅದಕ್ಕೆ 4 ಕೊಡಬೇಡಿ. ಹಳೆಯ ಸ್ಟಾಕ್ ಲೋಕ್‌ಸೌಂಡ್ 3.5 ಅಗ್ಗಕ್ಕೆ ಸಿಕ್ಕಿದ್ರೆ ಹುಷಾರು, ಅದಕ್ಕೆ ಬೇಕಿರೋದು 100 ಓಮ್ ಸ್ಪೀಕರ್. 8 ಓಮ್ ಹಾಕಿದ್ರೆ ಆಂಪ್ಲಿಫೈಯರ್ ಸುಡುತ್ತೆ. ಎರಡು ಸ್ಪೀಕರ್‌ನಲ್ಲಿ ಪೊರೆಗಳು ಒಟ್ಟಿಗೇ ಮುಂದೆ ಬರಬೇಕು. 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿದ್ರೆ ಯಾವ ಕಡೆ ನೆಗೆಯುತ್ತೆ ಕಾಣುತ್ತೆ, ಧನದ ಕಡೆಗೆ ಚುಕ್ಕೆ ಇಡಿ.

ಇನ್ನೊಂದು. ಚಾಸಿಯೇ ಒಂದು ಹಳಿ ಆಗಿರೋದ್ರಿಂದ ಸ್ಪೀಕರಿನ ಲೋಹದ ಬೆನ್ನಾಗಲಿ ಅದರ ವೈರ್ ತುದಿಯಾಗಲಿ ಚಾಸಿಗೆ ತಾಗಬಾರದು. ಮೋಟಾರ್ ಬೇರ್ಪಡಿಸಿ ಇದನ್ನ ಮರೆತ್ರೆ ಕೂಡ ಡಿಕೋಡರ್ ಹೋಗುತ್ತೆ.

---

ಪೊನ್ನಂಪೇಟೆ ಪಾಯಿಂಟ್ಸ್‌ಮನ್

ಮಳೆಗಾಲದ ಪ್ರಶ್ನೆಗೆ. ಹೌದು, ಇನ್ನೂ ಹಾಳಾಗುತ್ತೆ, ಆದರೆ ಕಾರಣ ಡಿಸಿಸಿ ಅಲ್ಲ. ಡಿಸಿ ಮೋಟಾರಿಗೆ ಒಂದು ಕ್ಷಣ ವಿದ್ಯುತ್ ತಪ್ಪಿದ್ರೆ ಫ್ಲೈವೀಲ್ ಎಳ್ಕೊಂಡು ಹೋಗುತ್ತೆ, ನಿಮಗೆ ಗೊತ್ತೂ ಆಗಲ್ಲ. ಸೌಂಡ್ ಡಿಕೋಡರ್ ಒಂದು ಪುಟ್ಟ ಕಂಪ್ಯೂಟರ್. ವಿದ್ಯುತ್ ತಪ್ಪಿದ್ರೆ ಮತ್ತೆ ಮೊದಲಿಂದ ಶುರು, ಎಂಜಿನ್ ಆಫ್ ಆಗಿ ಸ್ಟಾರ್ಟ್ ಆದ ಹಾಗೆ ಕೇಳುತ್ತೆ. ಕಕ್ಕಡದ (ಜೋರು ಮಳೆಯ ತಿಂಗಳು) ತೇವದಲ್ಲಿ ಹಳಿ, ಚಕ್ರ, ಹಳಿ ಜೋಡಿಸೋ ಫಿಶ್‌ಪ್ಲೇಟ್ ಮೂರೂ ಕಪ್ಪಾಗುತ್ತೆ.

ಮೊದಲು ಹಳಿ. ಸ್ಟೀಲ್ ಹಳಿ ಇದ್ರೆ ಆ ಲೇಔಟಿಗೆ ಡಿಸಿಸಿ ಖರ್ಚು ಮಾಡಬೇಡಿ, ನಿಕಲ್ ಸಿಲ್ವರ್‌ಗೆ ಹೋಗಿ. ವಿದ್ಯುತ್ ದಾಟಿಸೋ ಕೆಲಸವನ್ನ ಫಿಶ್‌ಪ್ಲೇಟಿಗೆ ಬಿಡಬೇಡಿ. ಮೇಜಿನ ಕೆಳಗೆ ಮನೆ ವೈರಿಂಗಿನ 1.5 ಚದರ ಮಿ.ಮೀ. ವೈರ್ ಎರಡು ಎಳೆ ಬಸ್ (ಮುಖ್ಯ ತಂತಿ) ಆಗಿ ಎಳೆದು, ಹಳಿಯ ಪ್ರತಿ ತುಂಡಿಗೂ ಎರಡೂ ಕಡೆ ಸಣ್ಣ ಫೀಡರ್ ಬೆಸೆಯಿರಿ. ಆಮೇಲೆ ನಾಣ್ಯದ ಪರೀಕ್ಷೆ: ಲೇಔಟಿನ ಎಲ್ಲ ಕಡೆ, ಮುಖ್ಯವಾಗಿ ದೂರದ ತುದಿಯಲ್ಲಿ, ಎರಡೂ ಹಳಿಗೆ ಅಡ್ಡ ನಾಣ್ಯ ಇಡಿ. ಹಳಿಗೆ ವಿದ್ಯುತ್ತು, ಸಂಕೇತ ಕೊಡೋ ಪೆಟ್ಟಿಗೆ, ಅಂದ್ರೆ ಕಮಾಂಡ್ ಸ್ಟೇಷನ್, ತಕ್ಷಣ ಟ್ರಿಪ್ ಆಗಬೇಕು. ಆಗದ ಜಾಗದಲ್ಲಿ ಗಾಡಿ ಹಳಿ ತಪ್ಪಿದ್ರೆ ಪೂರ್ತಿ ಕರೆಂಟ್ ಚಕ್ರದಲ್ಲೇ ಹರಿದು ಬೋಗಿ ಪ್ಲಾಸ್ಟಿಕ್ ಕರಗುತ್ತೆ. ವೋಲ್ಟೇಜ್ ಬೀಳ್ತಿದೆಯಾ ನೋಡೋಕೆ ಬೈಕಿನ 12 ವೋಲ್ಟ್ 10 ವ್ಯಾಟ್ ಇಂಡಿಕೇಟರ್ ಬಲ್ಬನ್ನ ಹತ್ತಿರದಲ್ಲೂ ದೂರದಲ್ಲೂ ಉರಿಸಿ ಮೀಟರ್ ಹಿಡಿಯಿರಿ. ಡಿಸಿಸಿ ಸಿಗ್ನಲ್‌ನಲ್ಲಿ '1' ಬಿಟ್ಟಿನ ಪ್ರತಿ ಅರ್ಧ 58 ಮೈಕ್ರೋಸೆಕೆಂಡ್, ಅಂದ್ರೆ 8 ಕಿಲೋಹರ್ಟ್ಸ್‌ಗೂ ಮೇಲೆ. ನಮ್ಮ ಮೀಟರ್‌ಗಳು 50 ಹರ್ಟ್ಸ್‌ಗೆ ಮಾಡಿದ್ದು. ಹಾಗಾಗಿ ಅಂಕಿ ಪಕ್ಕಾ ಇರಲ್ಲ, ಎರಡು ಜಾಗದ ವ್ಯತ್ಯಾಸ ಮಾತ್ರ ನಂಬಬಹುದು.

ಹಳಿ ಒರೆಸೋಕೆ ಮರಳು ಕಾಗದ ಬೇಡವೇ ಬೇಡ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತೆ. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಮುಟ್ಟಿಸಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಎಳೆಯಿರಿ, ಆ ಹೊತ್ತಿಗೆ ಪವರ್ ಆಫ್ ಇರಲಿ. ಗಾಡಿಯ 12 ಚಕ್ರವೂ ವಿದ್ಯುತ್ ಎತ್ತುತ್ತಿದೆಯಾ ಮೀಟರ್ ಇಟ್ಟು ಒಂದೊಂದಾಗಿ ನೋಡಿ. ನಿಮ್ಮ ಚಾಸಿಯಲ್ಲಿ ಬೋಗಿಯಿಂದ ಚಾಸಿಗೆ ವಿದ್ಯುತ್ ಬರೋದು ಬರೀ ಉಜ್ಜುವ ಸಂಪರ್ಕದಲ್ಲಿ. ಅದರ ಬದಲು ಬೋಗಿಗಳಿಂದ ಮೆತ್ತನೆ ವೈರ್ ಎಳೆದು ಡಿಕೋಡರಿಗೇ ಬೆಸೆಯಿರಿ, ಆ ಮೇಲಿನ ತಗಡಿನ ಪಟ್ಟಿಯನ್ನೂ ಕಿತ್ತುಹಾಕಿ.

ಇಷ್ಟೆಲ್ಲ ಆದ ಮೇಲೆ, ವಿದ್ಯುತ್ ತಪ್ಪಿದಾಗ ಡಿಕೋಡರನ್ನ ಎಚ್ಚರ ಇಡೋ ಕೆಪಾಸಿಟರ್, ಅಂದ್ರೆ ಕೀಪ್‌ಅಲೈವ್. ಇದನ್ನ ಮೊದಲೇ ಹಾಕಿ ಕೊಳೆ ಹಳಿಯನ್ನ ಹಾಗೇ ಬಿಡೋರು ಇದ್ದಾರೆ, ಅದು ಮುಲಾಮು ಹಚ್ಚಿದ ಹಾಗೆ ಅಷ್ಟೇ. 25 ವೋಲ್ಟಿನ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಐದನ್ನ ಸಮಾಂತರ ಮಾಡಿದ್ರೆ 1100 ಆಗುತ್ತೆ. 100 ಮಿಲಿಆಂಪಿಯರ್ ಎಳೆತದಲ್ಲಿ ವೋಲ್ಟೇಜ್ 14ರಿಂದ 7ಕ್ಕೆ ಇಳಿಯಲು 77 ಮಿಲಿಸೆಕೆಂಡ್. ಒಂದು ಚುಕ್ಕೆ ಕೊಳೆ ದಾಟೋಕೆ ಸಾಕು, ಹಳಿ ಕವಲೊಡೆಯೋ ಪಾಯಿಂಟಿನ ವಿದ್ಯುತ್ ಇಲ್ಲದ ಜಾಗಕ್ಕೆ ಸಾಲದು. 2.7 ವೋಲ್ಟ್, 1 ಫ್ಯಾರಡ್ ಸೂಪರ್ ಕೆಪಾಸಿಟರ್ ಐದನ್ನ ಸರಣಿ ಮಾಡಿದ್ರೆ 0.2 ಫ್ಯಾರಡ್, ಅದೇ ಲೆಕ್ಕದಲ್ಲಿ 14 ಸೆಕೆಂಡ್. ಆದರೆ ಐದರ ತಾಳಿಕೆ 13.5 ವೋಲ್ಟ್, ನಿಮ್ಮ ಹಳಿ 15 ಇದ್ರೆ ಉಬ್ಬಿಕೊಳ್ಳುತ್ತೆ, ಆರು ಹಾಕಿ. ಕೆಪಾಸಿಟರಿನ ಧನ ನೀಲಿ ವೈರಿಗೆ, ಋಣ ಡಿಕೋಡರಿನ ಗ್ರೌಂಡಿಗೆ. ನಡುವೆ 100 ಓಮ್ ರೆಸಿಸ್ಟರ್, ಅದಕ್ಕೆ ಸಮಾಂತರವಾಗಿ 1ಎನ್4001 ಡಯೋಡ್, ಅದರ ಪಟ್ಟಿ ಇರುವ ತುದಿ ನೀಲಿ ಕಡೆಗೆ. ರೆಸಿಸ್ಟರ್ ಇಲ್ಲದಿದ್ರೆ ಪವರ್ ಕೊಟ್ಟ ಕೂಡಲೇ ಕೆಪಾಸಿಟರ್ ಒಮ್ಮೆಗೇ ಎಳೆದು ಕಮಾಂಡ್ ಸ್ಟೇಷನ್ ಶಾರ್ಟ್ ಅಂದ್ಕೊಂಡು ಕಟ್ ಆಗುತ್ತೆ. ಗ್ರೌಂಡ್ ಅಂದ್ರೆ ಕಪ್ಪು ವೈರ್ ಅಲ್ಲ, ಅದು ಹಳಿಯದು. ಗ್ರೌಂಡ್ ಪ್ಯಾಡ್ ಎಲ್ಲಿದೆ ಅಂತ ನಿಮ್ಮ ಡಿಕೋಡರಿನ ಚಿತ್ರ ನೋಡಿಯೇ ಬೆಸೆಯಿರಿ. ಇದೆಲ್ಲ ಗೊಂದಲ ಅನ್ನಿಸಿದ್ರೆ ಲೋಕ್‌ಸೌಂಡ್‌ಗೆ ಮೂರು ವೈರಿನ ಪವರ್‌ಪ್ಯಾಕ್ ಸಿಗುತ್ತೆ. ಮೂರನೇ ವೈರಿನಿಂದ ಡಿಕೋಡರೇ ಅದನ್ನ ಹಿಡಿತದಲ್ಲಿಡುತ್ತೆ, ಎಷ್ಟು ಹೊತ್ತು ಎಳೆಯಬೇಕು ಅನ್ನೋದು ಸಿವಿ 113 (ಸಿವಿ ಅಂದ್ರೆ ಡಿಕೋಡರಿನ ಒಂದೊಂದು ಸೆಟ್ಟಿಂಗ್).

ಕರೆಂಟ್ ಹೋಗಿಬರುವ ಊರಲ್ಲಿ ಕಮಾಂಡ್ ಸ್ಟೇಷನ್ನನ್ನ ಸೈನ್ ವೇವ್ ಇನ್ವರ್ಟರ್ ಮೇಲೆ ಇಡಿ. ಏಪ್ರಿಲ್-ಮೇ ಗುಡುಗಿನಲ್ಲಿ ಪ್ಲಗ್ ಕಿತ್ತಿಡಿ.

---

ಗಾಳಿಬೀಡು ಗಾರ್ಡ್

ಎಲ್ಲರಿಗೂ ಧನ್ಯವಾದ. ಸ್ಟಾಲ್ 1.1 ಆಂಪಿಯರ್ ಬಂತು, 12 ವೋಲ್ಟ್ ನಿಂತಿತ್ತು. ಲೋಕ್‌ಸೌಂಡ್ 5 ಹಾಕಿದೆ, ಬ್ರಷ್‌ನಿಂದ ಚಾಸಿಗೆ ಬೀಪ್ ಇಲ್ಲ. ಈಗ ಪ್ರೋಗ್ರಾಮಿಂಗ್ ಹಳಿಯಲ್ಲಿ (ಸೆಟ್ಟಿಂಗ್ ಓದೋಕೆ, ಬರೆಯೋಕೆ ಬೇರೆ ಇಟ್ಟ ತುಂಡು ಹಳಿ) ಸಿವಿ ಓದೋಕೆ ಹೋದ್ರೆ "ಲೋಕೊ ಸಿಗಲಿಲ್ಲ" ಅನ್ನುತ್ತೆ. ಮುಖ್ಯ ಹಳಿಯಲ್ಲಿ ವಿಳಾಸ 3ಕ್ಕೆ ದೀಪ, ಸದ್ದು ಎರಡೂ ಬರುತ್ತೆ, ಗಾಡಿ ಮಾತ್ರ ಅಲುಗಲ್ಲ. ಕೀಪ್‌ಅಲೈವ್ ಇನ್ನೂ ಹಾಕಿಲ್ಲ.

---

ಬೆಸುಗೆ ಕಡ್ಡಿ (ಕುಶಾಲನಗರ)

ಎರಡಕ್ಕೂ ಒಂದೇ ಮೂಲ. ಪ್ರೋಗ್ರಾಮಿಂಗ್ ಹಳಿಯಲ್ಲಿ ಡಿಕೋಡರ್ ಉತ್ತರ ಕೊಡೋದು ಮೋಟಾರನ್ನ ಒಂದು ಕ್ಷಣ ತಳ್ಳಿ: 6 ಮಿಲಿಸೆಕೆಂಡ್, ಕನಿಷ್ಠ 60 ಮಿಲಿಆಂಪಿಯರ್. ಮೋಟಾರ್ ಸರ್ಕ್ಯೂಟ್ ತುಂಡಾಗಿದ್ರೆ ಆ ತುಡಿತವೇ ಇಲ್ಲ, ಹಾಗಾಗಿ ಲೋಕೊನೇ ಇಲ್ಲ ಅನ್ನುತ್ತೆ. ಕಿತ್ತಳೆ ಮತ್ತು ಬೂದು ವೈರ್ ಡಿಕೋಡರ್ ಕಡೆಯಿಂದ ಬಿಚ್ಚಿ ಅವುಗಳ ನಡುವೆ ಓಮ್ ನೋಡಿ. ಮೋಟಾರ್ ಮೂಲಕ ಸುಮಾರು 11 ಓಮ್ ಬರಬೇಕು, 12ನ್ನ 1.1ರಿಂದ ಭಾಗಿಸಿದ್ರೆ ಅಷ್ಟೇ. ಏನೂ ತೋರಿಸದಿದ್ರೆ ಕೆಳಗಿನ ಬ್ರಷ್ ಮತ್ತೆ ಕೂರಿಸುವಾಗ ಸ್ಪ್ರಿಂಗ್ ಜಾರಿದೆ, ಅಥವಾ ಟೇಪ್ ಬ್ರಷ್ ಮತ್ತು ಕಮ್ಯುಟೇಟರ್ ನಡುವೆ ಸಿಕ್ಕಿದೆ. ಹಾಗೇ, ಬ್ರಷ್‌ಗಳ ನಡುವೆ ಡಿಸಿ ಕಾಲದ ಕೆಪಾಸಿಟರ್ ಇದ್ರೆ ಕತ್ತರಿಸಿ ತೆಗೆಯಿರಿ, ಅದು ವೇಗ ಅಳೆಯುವ ಬ್ಯಾಕ್ ಇಎಂಎಫ್‌ಗೆ ಅಡ್ಡಿಯಾಗಿ ಗಾಡಿ ತೆವಳುವಾಗ ಜಗ್ಗುತ್ತೆ.

---

ಗಾಳಿಬೀಡು ಗಾರ್ಡ್

ಸ್ಪ್ರಿಂಗೇ. ಈಗ ಓದುತ್ತೆ, ಓಡುತ್ತೆ. ಇನ್ನುಳಿದದ್ದು ವಿಳಾಸ. ಜೋರಾಗಿ ಹಾರ್ನ್ ಹೊಡೆದ್ರೆ ಸ್ಪೀಕರ್ ಒಡೆದ ಹಾಗೆ ಕೇಳುತ್ತೆ, ಅದಕ್ಕೇನು?

---

ಹದಿನಾರು ಸಿಲಿಂಡರ್ (ಸೋಮವಾರಪೇಟೆ)

16412 ಆಗಲ್ಲ, ಡಿಸಿಸಿಯ ಉದ್ದ ವಿಳಾಸದ ಮಿತಿ 10239. ನಮ್ಮ ಐದಂಕಿ ಲೋಕೊಗಳಿಗೆಲ್ಲ ಕೊನೆಯ ನಾಲ್ಕಂಕಿ ಇಟ್ಕೊಳ್ಳೋದು ರೂಢಿ, ಇಲ್ಲಿ 6412. 256ರಿಂದ ಭಾಗಿಸಿದ್ರೆ 25, ಶೇಷ 12. ಸಿವಿ 17ಕ್ಕೆ 192 + 25 = 217, ಸಿವಿ 18ಕ್ಕೆ 12. ಆಮೇಲೆ ಸಿವಿ 29ಕ್ಕೆ 34 ಬರೆಯಿರಿ: ಉದ್ದ ವಿಳಾಸಕ್ಕೆ 32, 28/128 ವೇಗದ ಹಂತಗಳಿಗೆ 2. ಡಿಸಿ ಹಳಿಯಲ್ಲೂ ಓಡೋಕೆ ಬಿಡುವ 4 ಸೇರಿಸಬೇಡಿ. ಅದು ಆನ್ ಇದ್ರೆ ಹಳಿಯಲ್ಲಿ ಸಿಗ್ನಲ್ ಕೆಟ್ಟಾಗ ಗಾಡಿ ಡಿಸಿ ಅಂದ್ಕೊಂಡು ತಾನಾಗೇ ಓಟ ಕೀಳಬಹುದು. ಕಂಪ್ಯೂಟರ್ ಜೋಡಿಸೋಕೆ ಆಗೋದಾದ್ರೆ ಜೆಎಂಆರ್‌ಐ ಡಿಕೋಡರ್‌ಪ್ರೋ ಉಚಿತ, ಈ ಲೆಕ್ಕ ಅದೇ ಮಾಡುತ್ತೆ. ಎಲ್ಲ ಕೆಟ್ಟುಹೋದ್ರೆ ಸಿವಿ 8ಕ್ಕೆ 8 ಬರೆದ್ರೆ ಫ್ಯಾಕ್ಟರಿ ಸ್ಥಿತಿ, ವಿಳಾಸ ಮತ್ತೆ 3.

ಒಡೆದ ಸದ್ದಿಗೆ ಸಿವಿ 63, ಒಟ್ಟು ವಾಲ್ಯೂಮ್. ಗರಿಷ್ಠ 192, ಕಂಪನಿಯಿಂದ 180ರಲ್ಲಿ ಬರುತ್ತೆ. ಶುಗರ್ ಕ್ಯೂಬ್‌ಗೆ ಅದು ಅತಿ, 100ರ ಆಸುಪಾಸಿಗೆ ಇಳಿಸಿ. ಆಗಲೂ ಕರಕರ ಅಂದ್ರೆ ಸ್ಪೀಕರ್ ಅಲ್ಲ, ಬಾಡಿಯಲ್ಲಿ ಏನೋ ಅದುರ್ತಿದೆ: ಕಿಟಕಿ ಗಾಜು, ಸಡಿಲ ಜಾಲರಿ, ಒಳಗೆ ತಾಗಿದ ವೈರ್. ಬಾಡಿ ತೆಗೆದು ಅದೇ ಹಾರ್ನ್ ಹೊಡೆದು ನೋಡಿದ್ರೆ ತಿಳಿಯುತ್ತೆ.

ಕೊನೆಗೆ ಮೋಟಾರ್ ಟ್ಯೂನಿಂಗ್. ಗಾಡಿ ಒಂದಷ್ಟು ಹೊತ್ತು ಓಡಿ ಬಿಸಿಯಾದ ಮೇಲೆ, ಮುಂದೆ ಒಂದು ಮೀಟರಿಗೂ ಹೆಚ್ಚು ನೇರ, ಸಮತಟ್ಟು, ಖಾಲಿ ಹಳಿ ಇರುವಲ್ಲಿ ನಿಲ್ಲಿಸಿ, ಎಫ್1 ಕೀಲಿ ಆಫ್ ಇಟ್ಟು ಮುಖ್ಯ ಹಳಿಯಲ್ಲೇ ಸಿವಿ 54ಕ್ಕೆ 0 ಬರೆಯಿರಿ. ಆಮೇಲೆ ಎಫ್1 ಒತ್ತಿದ್ರೆ ಗಾಡಿ ಪೂರ್ತಿ ವೇಗದಲ್ಲಿ ಒಂದೂವರೆ ಸೆಕೆಂಡ್ ನುಗ್ಗಿ ನಿಂತು ಮೋಟಾರಿನ ಗುಣ ತಾನೇ ಅಳ್ಕೊಳ್ಳುತ್ತೆ. ಘಾಟಿ ಏರಿನ ಮೇಲೆ ಮಾಡಬೇಡಿ, ಅಳತೆ ತಪ್ಪುತ್ತೆ. ಮೇಜಿನ ಅಂಚಿನ ಕಡೆ ಮುಖ ಇಟ್ಟು ಅಂತೂ ಮಾಡಲೇಬೇಡಿ.

---

ಪೊನ್ನಂಪೇಟೆ ಪಾಯಿಂಟ್ಸ್‌ಮನ್

ಕೀಪ್‌ಅಲೈವ್ ಹಾಕೋದು ಈ ಎಲ್ಲ ಸಿವಿ ಬರೆದು ಮುಗಿದ ಮೇಲೆ. ಎರಡು ವೈರಿನದ್ದಾದ್ರೆ ಚಾರ್ಜ್ ಕರೆಂಟ್ ಅಡ್ಡ ಬಂದು ಪ್ರೋಗ್ರಾಮಿಂಗ್ ಹಳಿ ಮತ್ತೆ "ಸಿಗಲಿಲ್ಲ" ಅನ್ನುತ್ತೆ. ನಡುವೆ ಎರಡು ಪಿನ್ನಿನ ಸಣ್ಣ ಕನೆಕ್ಟರ್ ಇಟ್ರೆ ಬೇಕಾದಾಗ ಬಿಚ್ಚಬಹುದು. ಮಳೆಗಾಲದಲ್ಲಿ ಓಡಿಸದೆ ಇಡೋದಾದ್ರೆ ಬಿಗಿ ಮುಚ್ಚಳದ ಡಬ್ಬಿ, ಒಳಗೆ ನೀಲಿ ಸಿಲಿಕಾ ಜೆಲ್. ಗುಲಾಬಿಗೆ ತಿರುಗಿದ ಕೂಡಲೇ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ಒಣಗಿಸಿ. ಆ ಬಾಣಲೆ ಆಮೇಲೆ ಅಡುಗೆಗೆ ಬೇಡ.